ಫೀಲ್ಡ್‌ವರ್ಕ್‌ನಿಂದ ವಿನಾಯಿತಿ ಬೇಡ, ದಾರಿ ಬೇರೆ ಬೇಕು ಅಂತ ಕೇಳಿ

ಪ್ರಶ್ನೆ: ನಾನು ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮೊದಲ ವರ್ಷದಲ್ಲಿದ್ದೇನೆ. ನನಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಅನ್ನುವ ಕಣ್ಣಿನ ಕಾಯಿಲೆ ಇದೆ. ಹಗಲು ಓದಲು, ಬರೆಯಲು ತೊಂದರೆ ಇಲ್ಲ. ಕತ್ತಲಾದರೆ ಏನೂ ಕಾಣಿಸುವುದಿಲ್ಲ. ಬಿಸಿಲಿನಿಂದ ಮಬ್ಬು ಬೆಳಕಿನ ಕೋಣೆಗೆ ಹೋದರೂ ಅಷ್ಟೇ. ಆಸ್ಪತ್ರೆಯಲ್ಲಿ ವೈಕಲ್ಯ ಶೇ 40ಕ್ಕಿಂತ ಕಡಿಮೆ ಅಂತ ಪ್ರಮಾಣಪತ್ರ ಬರೆದುಕೊಟ್ಟಿದ್ದಾರೆ. ಈಗ ಫೀಲ್ಡ್‌ವರ್ಕ್‌ಗೆ (ಏಜೆನ್ಸಿ ಅಂತ ಕರೆಯುವ ಹೊರಗಿನ ಸಂಸ್ಥೆಯ ಜೊತೆ ಮಾಡುವ ಕೆಲಸದ ತರಬೇತಿ) ನನ್ನನ್ನು ಒಂದು ಕೊಳೆಗೇರಿಯ ಟ್ಯೂಷನ್ ಸೆಂಟರಿಗೆ ಹಾಕಿದ್ದಾರೆ. ವಾರಕ್ಕೆ ಎರಡು ದಿನ, ಮಧ್ಯಾಹ್ನ ಮನೆಭೇಟಿ, ಆಮೇಲೆ ಸಂಜೆ ಏಳರವರೆಗೆ ಮಕ್ಕಳ ಗುಂಪು. ಎಚ್‌ಒಡಿ (ವಿಭಾಗದ ಮುಖ್ಯಸ್ಥರು) ಹತ್ತಿರ ಹೇಳಿಕೊಂಡೆ. ‘40 ಪರ್ಸೆಂಟ್ ಇಲ್ಲ ಅಂದ್ಮೇಲೆ ನಾನೇನು ಮಾಡಕ್ಕಾಗಲ್ಲ. ಬೇಕಾದ್ರೆ ಅಂಧ ಮಕ್ಕಳ ಶಾಲೆಗೆ ಹಾಕ್ತೀನಿ, ಇಲ್ಲ ಅಂದ್ರೆ ಏಜೆನ್ಸಿ ಆಫೀಸಲ್ಲೇ ಕೂತು ಫೈಲ್ ಕೆಲಸ ಮಾಡು’ ಅಂದರು. ಮುಂದಿನ ಸೆಮಿಸ್ಟರ್‌ನಲ್ಲಿ ಗ್ರಾಮೀಣ ಶಿಬಿರವೂ ಇದೆ. ನಾನು ಏನು ಕೇಳಬಹುದು? ಏಜೆನ್ಸಿಯವರಿಗೆಲ್ಲ ನನ್ನ ಕಣ್ಣಿನ ವಿಷಯ ಹೇಳಲೇಬೇಕಾ?

ಉತ್ತರ: ಫೈಲ್ ಕೆಲಸದ ಮಾತಿನಿಂದಲೇ ಶುರು ಮಾಡುತ್ತೇನೆ. ಆ ತಪ್ಪು ನಾನೂ ಮಾಡಿದ್ದೇನೆ.

ಸುಮಾರು ಇಪ್ಪತ್ತು ವರ್ಷದ ಹಿಂದೆ ನಾನು ಕಾಲೇಜಿನಲ್ಲಿ ಫೀಲ್ಡ್‌ವರ್ಕ್ ನೋಡಿಕೊಳ್ಳುತ್ತಿದ್ದೆ. ಊರುಗೋಲು ಹಿಡಿದು ನಡೆಯುವ ಹುಡುಗನೊಬ್ಬ ಬಂದ. ಅಯ್ಯೋ ಪಾಪ, ಇವನು ಗಲ್ಲಿ ಗಲ್ಲಿ ಹೇಗೆ ತಿರುಗುತ್ತಾನೆ ಅಂತ ನಾನೇ ಯೋಚಿಸಿ, ನಾನೇ ತೀರ್ಮಾನ ಮಾಡಿದೆ. ನೆಲಮಹಡಿಯಲ್ಲಿ ಆಫೀಸ್ ಇರುವ ಒಂದು ಏಜೆನ್ಸಿ ಹುಡುಕಿ, ಕುರ್ಚಿ ಮೇಜು ಕೊಡಿಸಿದೆ. ಒಂದು ದಿನ ತಪ್ಪಿಸಲಿಲ್ಲ ಅವನು. ರಿಪೋರ್ಟು ಮುತ್ತಿನಂಥ ಅಕ್ಷರದಲ್ಲಿ. ವೈವಾಗೆ ಹೊರಗಿನಿಂದ ಬಂದವರು ಕೇಳಿದ್ದು ಒಂದೇ ಪ್ರಶ್ನೆ: ‘ನೀವು ಹೋಗಿಬಂದ ಒಂದು ಮನೆಯ ಬಗ್ಗೆ ಹೇಳಿ.’ ಹುಡುಗ ಸುಮ್ಮನೆ ಕೂತ. ಹೋಗಿದ್ದರೆ ತಾನೇ ಹೇಳುವುದು? ಆಮೇಲೆ ಕಾರಿಡಾರಿನಲ್ಲಿ ಸಿಕ್ಕಾಗ, ‘ಮೇಡಂ, ನಾನು ಕೇಳಿದ್ದು ವಾರಕ್ಕೆ ಎರಡು ಸಲ ಆಟೋ ದುಡ್ಡು, ಅಷ್ಟೇ’ ಅಂದ. ಹೌದು, ಕೇಳಿದ್ದ. ನಾನು ಮರೆತಿದ್ದೆ.

ಅದಕ್ಕೇ ಹೇಳುವುದು, ಆಫೀಸ್ ಕೆಲಸಕ್ಕೆ ಹೂಂ ಅನ್ನಬೇಡಿ. ಗಂಟೆ ಕಡಿಮೆ ಮಾಡಿ ಅಂತಲೂ ಕೇಳಬೇಡಿ. ಇವತ್ತು ಸಲೀಸು ಅನ್ನಿಸುತ್ತದೆ. ನಾಳೆ ಕೆಲಸದ ಸಂದರ್ಶನದಲ್ಲಿ ನಿಮ್ಮ ಫೀಲ್ಡ್‌ವರ್ಕ್ ಬಗ್ಗೆ ಕೇಳಿದಾಗ ಆ ಹುಡುಗನ ಹಾಗೆ ಕೂರಬೇಕಾಗುತ್ತದೆ. ಎಲ್ಲರೂ ಕಲಿಯುವುದನ್ನೇ ನೀವೂ ಕಲಿಯಬೇಕು, ಕಲಿಯುವ ದಾರಿ ಮಾತ್ರ ಬೇರೆ. ಕೇಳಬೇಕಾದ್ದು ಇದನ್ನೇ.

ಈಗ ಆ 40ರ ಮಾತು. ನಿಮ್ಮ ಎಚ್‌ಒಡಿ ಒಬ್ಬರೇ ಅಲ್ಲ, ಕಾಲೇಜುಗಳಲ್ಲಿ ಮುಕ್ಕಾಲು ಜನ ಹೀಗೇ ತಿಳಿದುಕೊಂಡಿದ್ದಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ (2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ) ಎರಡು ಬೇರೆ ಬೇರೆ ಗುಂಪುಗಳಿವೆ. ಒಂದು, ವಿಕಲಚೇತನ ವ್ಯಕ್ತಿ. ಅಂದರೆ ದೇಹದಲ್ಲೋ ಮನಸ್ಸಿನಲ್ಲೋ ಇಂದ್ರಿಯದಲ್ಲೋ ದೀರ್ಘಕಾಲದ ನ್ಯೂನತೆ ಇದ್ದು, ಸುತ್ತಲಿನ ಅಡ್ಡಿಗಳ ಜೊತೆ ಅದು ಸೇರಿ, ಉಳಿದವರಿಗೆ ಸಮನಾಗಿ ಪಾಲ್ಗೊಳ್ಳಲು ಆಗದೆ ಇರುವವರು. ಇಲ್ಲಿ ಶೇಕಡಾ ಲೆಕ್ಕವೇ ಇಲ್ಲ. ಇನ್ನೊಂದು, ಶೇ 40 ಅಥವಾ ಅದಕ್ಕಿಂತ ಜಾಸ್ತಿ ಅಂತ ಪ್ರಮಾಣಪತ್ರ ಇರುವವರು. ಸೀಟು, ನೌಕರಿಯ ಮೀಸಲಾತಿ ಎರಡನೆಯವರಿಗೆ. ಆದರೆ 16ನೇ ಸೆಕ್ಷನ್ ಶಿಕ್ಷಣ ಸಂಸ್ಥೆಗಳಿಗೆ ಹೇಳಿರುವುದು, ಅಂದರೆ ಭೇದ ಮಾಡಬೇಡಿ, ಒಬ್ಬೊಬ್ಬರ ಅಗತ್ಯ ನೋಡಿ ಸೂಕ್ತ ಹೊಂದಾಣಿಕೆ ಮಾಡಿಕೊಡಿ ಅನ್ನುವುದು, ಮೊದಲಿನವರಿಗೂ ಸೇರಿದ್ದು. ಸರ್ಕಾರದ ದುಡ್ಡು ಅಥವಾ ಮಾನ್ಯತೆ ಇರುವ ಎಲ್ಲ ಸಂಸ್ಥೆಗಳಿಗೂ ಇದು ಅನ್ವಯ. ಆ ಹೊಂದಾಣಿಕೆಯನ್ನು ನಿರಾಕರಿಸಿದರೆ ಅದನ್ನೂ ಭೇದಭಾವ ಅಂತಲೇ ಕಾಯ್ದೆ ಕರೆಯುತ್ತದೆ.

ಇದು ನನ್ನ ಸ್ವಂತ ವ್ಯಾಖ್ಯಾನ ಅಲ್ಲ. 2021ರ ಫೆಬ್ರವರಿಯಲ್ಲಿ ವಿಕಾಸ್ ಕುಮಾರ್ ಮತ್ತು ಯುಪಿಎಸ್‌ಸಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ. ವಿಕಾಸ್ ಕುಮಾರ್ ಅವರಿಗೆ ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆ. ಶೇ 40ರ ಗುಂಪಿಗೆ ಸೇರುವುದಿಲ್ಲ ಅಂತ ಪರೀಕ್ಷೆಗೆ ಲಿಪಿಕಾರರನ್ನು ಕೊಡಲಿಲ್ಲ. ಅದು ತಪ್ಪು, 40ರ ಗೆರೆಯನ್ನು ಎಲ್ಲ ಕಡೆಯೂ ಎಳೆಯುವ ಹಾಗಿಲ್ಲ ಅಂತ ತೀರ್ಪು ಬಂತು. ನಿಮ್ಮ ಪತ್ರದಲ್ಲಿ ಈ ಪ್ರಕರಣದ ಹೆಸರನ್ನು ಒಂದೇ ಸಾಲಿನಲ್ಲಿ ಬರೆಯಿರಿ, ಸಾಕು. ವಕೀಲರ ನೋಟಿಸಿನ ಧಾಟಿ ಬೇಡ. ಮೊದಲ ದಿನವೇ ಕಾನೂನು ಝಳಪಿಸಿದರೆ ಎಚ್‌ಒಡಿ ಮುಖ ಬಿಗಿದುಕೊಳ್ಳುತ್ತದೆ. ಅವರ ಜೊತೆ ಇನ್ನೂ ಎರಡು ವರ್ಷ ಕಳೆಯಬೇಕಲ್ವಾ.

ಹಾಗೇ ನಿಮ್ಮ ಪ್ರಮಾಣಪತ್ರವನ್ನೂ ಇನ್ನೊಮ್ಮೆ ನೋಡಿ. ದೃಷ್ಟಿಯ ಶೇಕಡಾ ಲೆಕ್ಕಕ್ಕೆ ಎರಡು ಸಂಗತಿ ನೋಡುತ್ತಾರೆ: ಎಷ್ಟು ಚೂಪಾಗಿ ಕಾಣುತ್ತದೆ, ಎಷ್ಟು ಅಗಲ ಕಾಣುತ್ತದೆ. ರಾತ್ರಿ ಕಾಣದಿರುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ನಿಮ್ಮ ಕಾಯಿಲೆಯಲ್ಲಿ ಪಕ್ಕದ ನೋಟ ಮೊದಲು ಕಿರಿದಾಗುತ್ತಾ ಬರುತ್ತದೆ. ನೋಟದ ಅಗಲ 40 ಡಿಗ್ರಿಗಿಂತ ಕಡಿಮೆಯಾದರೆ, ಅಕ್ಷರ ಎಷ್ಟೇ ಚೆನ್ನಾಗಿ ಕಂಡರೂ, ಕಾಯ್ದೆಯ ಪ್ರಕಾರ ಅದು ಮಂದ ದೃಷ್ಟಿ. ಆಸ್ಪತ್ರೆಯಲ್ಲಿ ಗೋಡೆಯ ಅಕ್ಷರ ಓದಿಸಿ ಕಳಿಸಿದರಾ, ಅಥವಾ ಬಟ್ಟಲಿನಂಥ ಯಂತ್ರದೊಳಗೆ ಮುಖ ಇಡಿಸಿ, ಮಿನುಗುವ ಚುಕ್ಕಿ ಕಂಡಾಗ ಬಟನ್ ಒತ್ತಿ ಅಂದರಾ? ಎರಡನೆಯದು ಆಗಿಲ್ಲ ಅಂದರೆ ಆ ಫೀಲ್ಡ್ ಟೆಸ್ಟ್ ಮಾಡಿಸಿ, ವರದಿ ಇಟ್ಟುಕೊಂಡು ಮತ್ತೆ ಅರ್ಜಿ ಹಾಕಿ. ಪ್ರಮಾಣಪತ್ರದ ಬಗ್ಗೆ ಮೇಲ್ಮನವಿಗೂ ಕಾಯ್ದೆಯಲ್ಲಿ ಅವಕಾಶ ಇದೆ, 59ನೇ ಸೆಕ್ಷನ್. ಹೊಸ ಪ್ರಮಾಣಪತ್ರ ಬರುವವರೆಗೆ ಕಾಯಬೇಕಾಗಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಒಂದು ಚೀಟಿ ಬರೆಸಿಕೊಳ್ಳಿ. ಕಾಯಿಲೆಯ ಹೆಸರಿಗಿಂತ ಅದರಲ್ಲಿ ಇರಬೇಕಾದ್ದು ಇಷ್ಟು: ಮಂದ ಬೆಳಕಿನಲ್ಲಿ ಒಬ್ಬರೇ ಓಡಾಡಲು ಆಗುವುದಿಲ್ಲ, ಬೆಳಕಿನಿಂದ ಕತ್ತಲಿಗೆ ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು, ಪಕ್ಕದ ನೋಟ ಕಡಿಮೆ.

ಇನ್ನು ಮುಖ್ಯ ಕೆಲಸ. ಒಂದು ಹಾಳೆ ತೆಗೆದುಕೊಳ್ಳಿ, ಮಧ್ಯೆ ಗೆರೆ ಎಳೆಯಿರಿ. ಎಡಕ್ಕೆ ಈ ಸೆಮಿಸ್ಟರ್ ಏನು ಕಲಿಸಬೇಕು ಅಂತ ನಿಮ್ಮ ಫೀಲ್ಡ್‌ವರ್ಕ್ ಕೈಪಿಡಿಯಲ್ಲಿದೆಯೋ ಅದನ್ನು ಬರೆಯಿರಿ. ಬಲಕ್ಕೆ ಅದನ್ನು ಸದ್ಯ ಹೇಗೆ ಮಾಡುತ್ತಿದ್ದಾರೆ ಅಂತ. ಎಡಗಡೆ ಇರುತ್ತದೆ: ಮಕ್ಕಳ ಒಂದು ಗುಂಪು ಕಟ್ಟಿ ಇಂತಿಷ್ಟು ಸಭೆ ನಡೆಸುವುದು. ಬಲಗಡೆ: ಟ್ಯೂಷನ್ ಸೆಂಟರ್, ಸಂಜೆ ಏಳರವರೆಗೆ. ಈಗ ನೋಡಿ, ಗುಂಪು ಕಟ್ಟಲು ಸಂಜೆ ಏಳು ಗಂಟೆ ಯಾಕೆ ಬೇಕು? ಆ ಮಕ್ಕಳು ಸಿಗುವುದು ಆಗ, ಅಷ್ಟೇ. ಅದೇ ಮಕ್ಕಳು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದಾಗಲೂ ಸಿಗುತ್ತಾರೆ, ಭಾನುವಾರ ಬೆಳಗ್ಗೆಯೂ ಸಿಗುತ್ತಾರೆ. ಗುಂಪು ಅದೇ, ಸಭೆಗಳ ಲೆಕ್ಕ ಅದೇ, ಗಡಿಯಾರ ಮಾತ್ರ ಬೇರೆ. ಎಡಗಡೆಯ ಒಂದು ಸಾಲನ್ನೂ ಮುಟ್ಟದೆ ಬಲಗಡೆಯದನ್ನು ಬದಲಿಸುತ್ತಾ ಹೋಗಿ. ಈ ಹಾಳೆ ಎದುರಿಗಿಟ್ಟರೆ ‘ಮಟ್ಟ ಇಳಿಸಕ್ಕಾಗಲ್ಲ’ ಅನ್ನುವ ಮಾತು ಬರುವುದಿಲ್ಲ. ನೀವು ಮಟ್ಟ ಇಳಿಸಿ ಅಂತ ಕೇಳೇ ಇಲ್ಲವಲ್ಲ.

ಮನೆಭೇಟಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ನಿಮಗೆ ನಿಜವಾಗಿ ಕಷ್ಟವಾಗುವುದು ಅಲ್ಲಿ, ಮತ್ತು ಅದು ನಿಮ್ಮ ಎಚ್‌ಒಡಿಗೆ ಹೊಳೆಯುವುದೂ ಇಲ್ಲ. ಮಧ್ಯಾಹ್ನ ಎರಡು ಗಂಟೆ, ಹೊರಗೆ ಕಣ್ಣು ಕುಕ್ಕುವ ಬಿಸಿಲು. ಶೀಟಿನ ಮನೆ, ಕಿಟಕಿ ಇಲ್ಲ, ಬಾಗಿಲಿಗೆ ಸೀರೆಯ ಪರದೆ. ಹೊಸ್ತಿಲು ದಾಟಿದ ತಕ್ಷಣ ನಿಮಗೆ ಎಲ್ಲ ಕಪ್ಪು. ಅಜ್ಜಿ ಕೈ ಮುಗಿದಿರುತ್ತಾರೆ, ನಿಮಗೆ ಕಾಣಿಸಿಲ್ಲ. ‘ಈ ಹುಡುಗಿಗೆ ಎಷ್ಟು ಸೊಕ್ಕು’ ಅಂದುಕೊಳ್ಳುತ್ತಾರೆ. ಅಥವಾ ನೆಲದಲ್ಲಿ ಮಲಗಿಸಿದ ಕೂಸಿನ ಪಕ್ಕದಲ್ಲೇ ಕಾಲಿಡುತ್ತೀರಿ. ಇದಕ್ಕೆ ಯಾವ ಆದೇಶವೂ ಬೇಡ, ಒಂದು ಮಾತು ಬೇಕು. ಬಾಗಿಲಲ್ಲೇ ನಿಂತು, ‘ಅಮ್ಮಾ, ಬಿಸಿಲಿಂದ ಬಂದೆ, ಕಣ್ಣು ಹೊಂದಿಕೊಳ್ಳಲಿ, ಎರಡು ನಿಮಿಷ ಇಲ್ಲೇ ನಿಲ್ತೀನಿ’ ಅನ್ನಿ. ಯಾರೂ ತಪ್ಪು ತಿಳಿಯುವುದಿಲ್ಲ. ಅವರೇ ಕೈ ಹಿಡಿದು ಕೂರಿಸುತ್ತಾರೆ, ಲೈಟ್ ಹಾಕುತ್ತಾರೆ. ಇಲ್ಲ ಅಂದರೆ ಜಗುಲಿ ಮೇಲೇ ಕೂತು ಮಾತಾಡಿ, ಆದರೆ ಒಳಗಿನ ಮಾತು ಬಂದಾಗ ಅಕ್ಕಪಕ್ಕದವರ ಕಿವಿ ಇರುತ್ತದೆ, ಗಮನವಿರಲಿ. ಒಳಗೆ ಕೂರುವಾಗ ಬಾಗಿಲಿಗೆ ಬೆನ್ನು ಹಾಕಿ ಕೂತುಕೊಳ್ಳಿ, ಬೆಳಕು ಎದುರಿಗಿರುವವರ ಮುಖದ ಮೇಲೆ ಬೀಳುತ್ತದೆ. ಮಕ್ಕಳ ಗುಂಪಿನಲ್ಲಿ ಪೂರ್ತಿ ವೃತ್ತ ಬೇಡ, ಅರ್ಧಚಂದ್ರ ಮಾಡಿಸಿ, ನೀವು ಗೋಡೆಗೆ ಒರಗಿ. ಪಕ್ಕದಲ್ಲಿ ಕೂತ ಮಗು ಅಳುತ್ತಿದ್ದರೂ ನಿಮಗೆ ಗೊತ್ತಾಗದೆ ಹೋಗಬಾರದು.

ಮೊದಲ ವಾರ ಮಾತ್ರ ಆ ಬೀದಿ ಗೊತ್ತಿರುವ ಒಬ್ಬರು ಜೊತೆಗೆ ಬೇಕು ಅಂತ ಕೇಳಿ. ಏಜೆನ್ಸಿಯ ಕಾರ್ಯಕರ್ತೆಯೋ, ಅಲ್ಲಿನ ಆಶಾ ಕಾರ್ಯಕರ್ತೆಯೋ. ಚರಂಡಿ ಚಪ್ಪಡಿ ಎಲ್ಲಿ ಮುರಿದಿದೆ, ನೀರಿನ ಪೈಪು ಎಲ್ಲಿ ಅಡ್ಡ ಇದೆ, ನಾಯಿ ಯಾವ ಮನೆಯದು, ಇವೆಲ್ಲ ಒಂದು ವಾರದಲ್ಲಿ ಕಾಲಿಗೆ ಗೊತ್ತಾಗಿಬಿಡುತ್ತವೆ.

ಪತ್ರವನ್ನು ಹೀಗೆ ಬರೆಯಬಹುದು, ನಿಮ್ಮ ಮಾತಿಗೆ ತಕ್ಕಂತೆ ಬದಲಿಸಿಕೊಳ್ಳಿ:

‘ನನಗೆ ಮಂದ ಬೆಳಕಿನಲ್ಲಿ ಕಾಣಿಸುವುದಿಲ್ಲ, ಪಕ್ಕದ ನೋಟವೂ ಕಡಿಮೆ. ವೈದ್ಯರ ಪತ್ರ ಲಗತ್ತಿಸಿದ್ದೇನೆ. ಫೀಲ್ಡ್‌ವರ್ಕ್‌ನ ಎಲ್ಲ ಗಂಟೆಗಳನ್ನೂ ಎಲ್ಲ ಚಟುವಟಿಕೆಗಳನ್ನೂ ಪೂರೈಸುತ್ತೇನೆ. ಅದಕ್ಕಾಗಿ ಈ ನಾಲ್ಕು ಬದಲಾವಣೆ ಕೋರುತ್ತೇನೆ. ನನ್ನ ಕೆಲಸದ ವೇಳೆ ಬೆಳಗ್ಗೆ 9ರಿಂದ ಸಂಜೆ 5ರ ಒಳಗೆ ಇರಲಿ. ಗುಂಪಿನ ಸಭೆಗಳನ್ನು ಶನಿವಾರ ಮಧ್ಯಾಹ್ನ ಅಥವಾ ಭಾನುವಾರ ಬೆಳಗ್ಗೆ ನಡೆಸಲು ಅನುಮತಿ ಬೇಕು. ಮೊದಲ ವಾರ ಪ್ರದೇಶ ಪರಿಚಯಕ್ಕೆ ಏಜೆನ್ಸಿಯ ಒಬ್ಬರು ಜೊತೆಗಿರಲಿ. ರಿಪೋರ್ಟುಗಳನ್ನು ಕೈಬರಹದ ಬದಲು ಟೈಪ್ ಮಾಡಿ ಕೊಡುತ್ತೇನೆ. ಒಂದು ತಿಂಗಳ ನಂತರ ಸೂಪರ್‌ವೈಸರ್ ಮತ್ತು ತಾವು ನನ್ನೊಂದಿಗೆ ಕೂತು, ಇದು ಹೇಗೆ ನಡೆಯುತ್ತಿದೆ ಎಂದು ನೋಡಬೇಕು.’

ನವೆಂಬರ್, ಡಿಸೆಂಬರ್‌ನಲ್ಲಿ ಆರು ಗಂಟೆಗೆಲ್ಲ ಕತ್ತಲು. ಐದಕ್ಕೆ ಬಿಟ್ಟರೆ ಬಸ್ಸು ಹಿಡಿದು ಹಾಸ್ಟೆಲ್ ಮುಟ್ಟುವಷ್ಟರಲ್ಲಿ ಸರಿಹೋಗುತ್ತದೆ. ಆ ಕೊನೆಯ ಸಾಲು, ತಿಂಗಳ ನಂತರದ ಭೇಟಿ, ಅದನ್ನು ಮಾತ್ರ ಬಿಡಬೇಡಿ. ನಿಮ್ಮದು ಬದಲಾಗುವ ಕಣ್ಣು. ಈ ಸೆಮಿಸ್ಟರ್‌ಗೆ ಸಾಕಾದದ್ದು ನಾಲ್ಕನೆಯದಕ್ಕೆ ಸಾಲದೆ ಇರಬಹುದು.

ಪತ್ರ ಕೊಟ್ಟು, ನಕಲಿನ ಮೇಲೆ ಇನ್‌ವರ್ಡ್ ಸೀಲು, ತಾರೀಖು ಹಾಕಿಸಿಕೊಳ್ಳಿ. ಬಾಯಿಮಾತಿನ ಒಪ್ಪಿಗೆ ಎಚ್‌ಒಡಿ ಬದಲಾದ ದಿನ ಹೋಗುತ್ತದೆ. ಖರ್ಚಿನ ಮಾತು ಬಂದರೆ ಗೊತ್ತಿರಲಿ: ಹೊಂದಾಣಿಕೆಗೆ ತಗಲುವ ಖರ್ಚನ್ನು ಪೂರ್ತಿಯಾಗಲಿ ಭಾಗಶಃ ಆಗಲಿ ವಿಕಲಚೇತನರೇ ಕೊಡಬೇಕು ಅಂತ ಯಾವ ಸಂಸ್ಥೆಯೂ ಒತ್ತಾಯ ಮಾಡುವಂತಿಲ್ಲ, 2017ರ ಕೇಂದ್ರದ ನಿಯಮಗಳಲ್ಲಿ ಹಾಗೇ ಇದೆ. ನನ್ನ ಆ ಹುಡುಗನ ಆಟೋ ದುಡ್ಡು ಇವತ್ತಾಗಿದ್ದರೆ ಕಾಲೇಜಿನ ತಲೆಗೇ ಬರುತ್ತಿತ್ತು. ‘ನಾವು ಎನ್‌ಜಿಒ, ನಮಗೆ ಈ ಕಾಯ್ದೆ ಬರಲ್ಲ’ ಅಂತ ಏಜೆನ್ಸಿಯವರು ಅನ್ನಬಹುದು. ಬರುತ್ತದೆ. ಟ್ರಸ್ಟು, ಸೊಸೈಟಿ ಎರಡೂ ಕಾಯ್ದೆಯ ಖಾಸಗಿ ಸಂಸ್ಥೆಗಳ ಪಟ್ಟಿಯಲ್ಲಿವೆ.

ಎಲ್ಲರಿಗೂ ಹೇಳಬೇಕಾ ಅಂತ ಕೇಳಿದ್ದೀರಿ. ಬೇಡ. ಕಾಯಿಲೆಯ ಹೆಸರು, ಅದು ಮುಂದೆ ಏನಾಗುತ್ತದೆ, ಮನೆಯಲ್ಲಿ ಇನ್ಯಾರಿಗಿದೆ, ಇದು ಕಾಲೇಜಿನ ಫೈಲಿಗೆ ಸಾಕು. ಏಜೆನ್ಸಿ ಸೂಪರ್‌ವೈಸರ್‌ಗೆ ಗೊತ್ತಿರಬೇಕಾದ್ದು ಕೆಲಸಕ್ಕೆ ತಾಗುವಷ್ಟು: ಕತ್ತಲಲ್ಲಿ ಕಾಣಲ್ಲ, ಪಕ್ಕದಿಂದ ಬಂದವರು ಕಾಣಲ್ಲ, ಕೈ ಚಾಚಿದಾಗ ನೋಡದೆ ಹೋದರೆ ಬೇಜಾರು ಮಾಡ್ಕೋಬೇಡಿ. ಇದನ್ನು ನೀವೇ ಹೇಳಿ, ಕಾಲೇಜಿನವರ ಬಾಯಿಂದ ಹೋಗುವುದು ಬೇಡ. ಅವರು ಹೇಳಿದರೆ ‘ಕಣ್ಣು ಕಾಣದ ಹುಡುಗಿ ಬರ್ತಿದ್ದಾಳೆ’ ಅಂತ ಹೋಗುತ್ತದೆ, ನೀವು ಕಾಲಿಡುವ ಮೊದಲೇ ಕುರ್ಚಿ ರೆಡಿ. ಆದರೆ ಪೂರ್ತಿ ಮುಚ್ಚಿಡಲೂ ಬೇಡಿ. ಹಗಲು ಪುಸ್ತಕ ಓದುವವಳು ಸಂಜೆ ತಡವರಿಸಿದರೆ ಜನ ನಾಟಕ ಅಂದುಕೊಳ್ಳುತ್ತಾರೆ. ಕ್ಲಾಸ್‌ಮೇಟ್‌ಗಳಲ್ಲಿ ಒಬ್ಬಿಬ್ಬರಿಗೆ ಹೇಳಿಡಿ.

‘ಏನಾದರೂ ಆದ್ರೆ ಯಾರು ಜವಾಬ್ದಾರಿ’ ಅನ್ನುವ ಪ್ರಶ್ನೆ ಖಂಡಿತ ಬರುತ್ತದೆ. ಅದನ್ನು ಪೂರ್ತಿ ಕೆಟ್ಟ ಪ್ರಶ್ನೆ ಅಂತ ನಾನು ಹೇಳಲಾರೆ, ನಾನೂ ಕೇಳಿದವಳೇ. ಆದರೆ ಕತ್ತಲಾದ ಮೇಲೆ ಕೊಳೆಗೇರಿಯ ಗಲ್ಲಿಯಲ್ಲಿ ಬೇರೆ ವಿದ್ಯಾರ್ಥಿನಿಯರಿಗೆ ಏನಾದರೂ ಆದರೆ ಯಾರು ಜವಾಬ್ದಾರಿ? ಆ ಏಳು ಗಂಟೆಯ ವೇಳಾಪಟ್ಟಿ ನಿಮಗೊಬ್ಬರಿಗೇ ಅಲ್ಲ, ಎಲ್ಲ ಹುಡುಗಿಯರಿಗೂ ಸರಿಯಿಲ್ಲ. ನೀವು ಕೇಳಿದ ಬದಲಾವಣೆಯಿಂದ ಅವರಿಗೂ ಅನುಕೂಲ ಆದರೆ ನನಗೆ ಆಶ್ಚರ್ಯವಿಲ್ಲ. ಆದರೆ ‘ನನ್ನ ಜವಾಬ್ದಾರಿ ನನ್ನದೇ’ ಅಂತ ಬರೆದು ಸಹಿ ಹಾಕಿ ಅಂದರೆ ಹಾಕಬೇಡಿ. ಬೇರೆ ಯಾವ ವಿದ್ಯಾರ್ಥಿಯಿಂದಲೂ ಬರೆಸಿಕೊಳ್ಳದ್ದನ್ನು ನಿಮ್ಮಿಂದ ಬರೆಸಿಕೊಳ್ಳುವಂತಿಲ್ಲ.

ಶಿಬಿರ. ಏಳು ಹತ್ತು ದಿನ ಹಳ್ಳಿಯ ಶಾಲೆಯಲ್ಲೋ ಸಮುದಾಯ ಭವನದಲ್ಲೋ ಮಲಗಬೇಕು. ಬೆಳಗ್ಗೆ ಶ್ರಮದಾನ, ಮಧ್ಯಾಹ್ನ ಸಮೀಕ್ಷೆ, ರಾತ್ರಿ ಎಂಟಕ್ಕೆ ಬೀದಿನಾಟಕ ಮತ್ತು ಸಾಂಸ್ಕೃತಿಕ ಕಾರ್ಯಕ್ರಮ. ನಿಮಗೆ ತೊಂದರೆ ರಾತ್ರಿ ಊಟದಿಂದ ಬೆಳಗಿನವರೆಗೆ. ಜಾಗ ನೋಡಲು ಮೊದಲು ಹೋಗುವ ತಂಡದಲ್ಲಿ ನಿಮ್ಮನ್ನೂ ಸೇರಿಸಿ ಅಂತ ಕೇಳಿ. ಹಗಲಲ್ಲೇ ಶೌಚಾಲಯದ ದಾರಿಯ ಹೆಜ್ಜೆ ಎಣಿಸಿ ಬನ್ನಿ. ಶೌಚಾಲಯಕ್ಕೆ ಹತ್ತಿರದ ಕೋಣೆ, ಬಾಗಿಲ ಪಕ್ಕದ ಹಾಸಿಗೆ, ಕೊರಳಿಗೆ ನೇತುಹಾಕುವ ಒಳ್ಳೆ ಟಾರ್ಚು. ರಾತ್ರಿ ಕಾರ್ಯಕ್ರಮದಲ್ಲಿ ವೇದಿಕೆ ಹತ್ತಿರ ದೀಪದ ಕೆಳಗೆ ಮಾಡುವ ಕೆಲಸ, ನಿರೂಪಣೆಯಂಥದ್ದು, ನೀವೇ ಮೊದಲು ಕೇಳಿ ತೆಗೆದುಕೊಳ್ಳಿ. ಸಮೀಕ್ಷೆಗೆ ಬೆಳಗಿನ ಪಾಳಿ. ಶಿಬಿರವನ್ನೇ ಬಿಡಿ ಅಂದರೆ ಮಾತ್ರ ಒಪ್ಪಬೇಡಿ.

ಅಂಧ ಮಕ್ಕಳ ಶಾಲೆಯ ಮಾತು. ಅಲ್ಲಿ ಕೆಲಸ ಕಲಿಯುವುದು ಕೀಳಲ್ಲ, ಒಳ್ಳೆಯ ಜಾಗ. ನಿಮಗೇ ಇಷ್ಟ ಇದ್ದರೆ ಹೋಗಿ. ನಿಮ್ಮ ಕಣ್ಣಿನ ಕಾರಣಕ್ಕೆ ಕಳಿಸುವುದಾದರೆ ಬೇಡ. ಕಿವಿ ಕೇಳದವರನ್ನೆಲ್ಲ ಶ್ರವಣದೋಷದ ಶಾಲೆಗೆ, ಗಾಲಿಕುರ್ಚಿಯವರನ್ನೆಲ್ಲ ಪುನರ್ವಸತಿ ಕೇಂದ್ರಕ್ಕೆ ಹಾಕುವ ಚಾಳಿ ನಮ್ಮಲ್ಲಿ ತುಂಬಾ ಹಳೆಯದು.

‘ನಾಳೆ ಕೆಲಸದಲ್ಲಿ ನಿನಗೆ ಯಾರು ಹೀಗೆ ಮಾಡಿಕೊಡ್ತಾರೆ’ ಅಂತ ಯಾರಾದರೂ ಕೇಳಿದರೆ, ಗ್ರಾಮ ಪಂಚಾಯಿತಿಯ ಕಡೆ ಕೈ ತೋರಿಸಿ. ಕರ್ನಾಟಕದ ಪಂಚಾಯಿತಿಗಳಲ್ಲಿ ವಿಆರ್‌ಡಬ್ಲ್ಯೂ ಅಂತ ಇರುತ್ತಾರೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಅವರೂ ವಿಕಲಚೇತನರೇ. ಮನೆ ಮನೆ ತಿರುಗಿ ಪಟ್ಟಿ ಮಾಡುವುದು, ಪಿಂಚಣಿ ಅರ್ಜಿ ಹಾಕಿಸುವುದು, ಆಸ್ಪತ್ರೆಗೆ ಕರೆದೊಯ್ಯುವುದು, ಗ್ರಾಮಸಭೆಯಲ್ಲಿ ಎದ್ದು ಕೇಳುವುದು, ಇಷ್ಟನ್ನೂ ಬರೀ ಗೌರವಧನಕ್ಕೆ ಮಾಡುತ್ತಿದ್ದಾರೆ. ಎಂಎಸ್‌ಡಬ್ಲ್ಯೂ ಕೋರ್ಸಿನಲ್ಲಿ ಸಮುದಾಯ ಸಂಘಟನೆ ಅಂತ ಪಾಠ ಮಾಡುವುದು ಇದನ್ನೇ ಅಲ್ವಾ? ಶಿಬಿರದ ಊರಲ್ಲಿ ಅವರನ್ನು ಹುಡುಕಿ ಒಂದು ದಿನ ಜೊತೆಗೆ ತಿರುಗಿ. ಯಾವ ಸೂಪರ್‌ವೈಸರ್‌ಗಿಂತ ಜಾಸ್ತಿ ಕಲಿಸುತ್ತಾರೆ.

ಬೇರೆ ತೊಂದರೆ ಇರುವವರೂ ಇದನ್ನು ಓದುತ್ತಿರಬಹುದು. ನೀವೂ ಅದೇ ಗೆರೆ ಎಳೆದ ಹಾಳೆಯಿಂದಲೇ ಶುರು ಮಾಡಿ. ಕಿವಿ ಕೇಳದವರಿಗೆ ಗ್ರೂಪ್ ಕಾನ್ಫರೆನ್ಸ್ (ವಿದ್ಯಾರ್ಥಿಗಳೆಲ್ಲ ಕೂತು ಫೀಲ್ಡ್‌ವರ್ಕ್ ಚರ್ಚಿಸುವ ಸಭೆ) ದೊಡ್ಡ ಕಷ್ಟ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಬಾರದು ಅನ್ನುವ ಒಂದು ನಿಯಮದಿಂದಲೇ ಅರ್ಧ ಸರಿಹೋಗುತ್ತದೆ. ಮಾತನ್ನು ಕನ್ನಡ ಅಕ್ಷರ ಮಾಡಿ ತೋರಿಸುವ ಆ್ಯಪ್ ಫೋನಿನಲ್ಲೇ ಇವೆ, ಆದರೆ ನೀವು ಭೇಟಿಯಾಗುವ ಜನರ ಮಾತನ್ನು ಹಾಗೆ ಹಿಡಿಯುವ ಮೊದಲು ಅವರ ಒಪ್ಪಿಗೆ ಕೇಳಿ, ಉಳಿಸಿಡಬೇಡಿ. ಪೂರ್ತಿ ಕಣ್ಣು ಕಾಣದವರಿಗೆ ಇನ್ನೊಂದು ಪೀಡೆ ಇದೆ: ನಮ್ಮ ಕಚೇರಿಗಳ ಹಳೆಯ ನುಡಿ ಫಾಂಟು. ಅದರಲ್ಲಿ ಟೈಪ್ ಮಾಡಿದ ಕಡತವನ್ನು ಸ್ಕ್ರೀನ್ ರೀಡರ್ (ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ) ಓದಲು ಹೋದರೆ ಅರ್ಥವಿಲ್ಲದ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕೇಳಿಸುತ್ತದೆ. ಕೈಪಿಡಿ, ಫಾರಂಗಳನ್ನು ಯುನಿಕೋಡ್‌ನಲ್ಲಿ ಕೊಡಿ ಅಂತ ಕೇಳುವುದೂ ಸೂಕ್ತ ಹೊಂದಾಣಿಕೆಯೇ. ಕಾಲೇಜಿಗೆ ಒಂದು ರೂಪಾಯಿ ಖರ್ಚಿಲ್ಲ.

ಪತ್ರ ಕೊಟ್ಟು ಹದಿನೈದು ದಿನ ಆದರೂ ಉತ್ತರ ಇಲ್ಲದಿದ್ದರೆ ಪ್ರಾಂಶುಪಾಲರಿಗೆ ಬರೆಯಿರಿ. ವಿಶ್ವವಿದ್ಯಾಲಯದಲ್ಲಿ ಸಮಾನ ಅವಕಾಶ ಘಟಕ ಇದ್ದರೆ ಅಲ್ಲಿಗೂ ಒಂದು ಪ್ರತಿ. ಭೇದಭಾವದ ದೂರು ಬಂದಾಗ ಸಂಸ್ಥೆಯ ಮುಖ್ಯಸ್ಥರು ಒಂದೋ ಕ್ರಮ ತೆಗೆದುಕೊಳ್ಳಬೇಕು, ಇಲ್ಲವೋ ಯಾಕೆ ಆಗುವುದಿಲ್ಲ ಅಂತ ಬರಹದಲ್ಲಿ ಕಾರಣ ಕೊಡಬೇಕು. ‘ಆಗಲ್ಲ’ ಅಂತ ಬರೆದುಕೊಡುವುದು ಬಾಯಲ್ಲಿ ಹೇಳಿದಷ್ಟು ಸುಲಭ ಅಲ್ಲ. ಅರ್ಧಕ್ಕರ್ಧ ಪ್ರಕರಣ ಇಲ್ಲೇ ಮುಗಿಯುತ್ತವೆ. ಆಗಲೂ ಆಗದಿದ್ದರೆ ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರ ಕಚೇರಿ ಇದೆ, ವಕೀಲರಿಲ್ಲದೆಯೂ ದೂರು ಕೊಡಬಹುದು. ಸಂಸ್ಥೆಯವರನ್ನು ಕರೆಸಿ ವಿಚಾರಿಸುವ ಅಧಿಕಾರ ಅವರಿಗಿದೆ.

ಪತ್ರ ಕೊಡುವ ಮೊದಲು ಒಂದು ಶನಿವಾರ ಮಧ್ಯಾಹ್ನ ಆ ಟ್ಯೂಷನ್ ಸೆಂಟರಿಗೆ ಹೋಗಿ ಬನ್ನಿ. ಮಕ್ಕಳು ಎಷ್ಟು ಹೊತ್ತಿಗೆ ಬರುತ್ತಾರೆ, ಬೀಗದ ಕೈ ಯಾರ ಹತ್ತಿರ ಇರುತ್ತದೆ, ಒಳಗೆ ಎಷ್ಟು ಬೆಳಕಿದೆ ಅಂತ ನೋಡಿ. ಬೀಗದ ಕೈ ಇಟ್ಟುಕೊಂಡವರ ಹತ್ತಿರ ಶನಿವಾರ ತೆಗೆದುಕೊಡ್ತೀರಾ ಅಂತ ಕೇಳಿ. ಅವರು ಹೂಂ ಅಂದರೆ ಅದನ್ನೂ ಪತ್ರದಲ್ಲಿ ಬರೆಯಿರಿ.